ಮೋರಿ ಒಡೆದಾಗ ಹಿಂಬರಹ ಬರೆಯುವ ಕ್ರಮ

ಅರ್ಜಿ ಬಂತೆಂದು ಗಾಬರಿಯಾಗಬೇಡಿ. ಮೋರಿ ಸರಿಪಡಿಸಲು ಸಿಮೆಂಟು, ಮರಳು, ಮೇಸ್ತ್ರಿ ಎಲ್ಲ ಬೇಕು. ಅರ್ಜಿ ಸರಿಪಡಿಸಲು ಒಂದು ಹಾಳೆ ಸಾಕು.

ಮೊದಲು ಅರ್ಜಿಯನ್ನು ಒಮ್ಮೆ ಓದಿಕೊಳ್ಳಿ. 'ನಮ್ಮ ಬೀದಿ ಮೋರಿ ಒಡೆದು ತಿಂಗಳಾಯ್ತು, ಗಲೀಜು ನೀರು ಅಡುಗೆಮನೆಗೆ ನುಗ್ಗುತ್ತಿದೆ' ಎಂದಿದೆಯೆ? ವಾಸನೆ ಬರುವ ಪದಗಳನ್ನೆಲ್ಲ ಹೆಕ್ಕಿ ತೆಗೆಯಿರಿ. ಮೋರಿ 'ಚರಂಡಿ ವ್ಯವಸ್ಥೆ'ಯಾಗಲಿ, ಗಲೀಜು 'ತ್ಯಾಜ್ಯ ನೀರು' ಆಗಲಿ. ಅಡುಗೆಮನೆಯಂತೂ ಬೇಡವೇ ಬೇಡ. ಆ ಪದ ಉಳಿಸಿಕೊಂಡರೆ ಅಲ್ಲೊಬ್ಬ ಹೆಂಗಸು ಸೀರೆ ಎತ್ತಿಕಟ್ಟಿ, ಒಲೆಯ ಮುಂದೆ ಇಟ್ಟಿಗೆಯ ಮೇಲೆ ನಿಂತಿರುವುದು ಮೇಲಧಿಕಾರಿಗಳಿಗೆ ಕಂಡುಬಿಡುತ್ತದೆ. 'ಸದರಿ ಪ್ರದೇಶ' ಅನ್ನಿ. ಸದರಿ ಪ್ರದೇಶದಲ್ಲಿ ಯಾರೂ ವಾಸಿಸುವುದಿಲ್ಲ. ಇನ್ನು 'ಒಡೆದಿದೆ' ಎಂದು ನೀವೇಕೆ ಒಪ್ಪಿಕೊಳ್ಳಬೇಕು? 'ಒಡೆದಿದೆ ಎನ್ನಲಾದ' ಎಂದು ಬರೆಯಿರಿ. ಅರ್ಧ ರಿಪೇರಿ ಅಲ್ಲಿಗೇ ಮುಗಿಯಿತು.

ಈಗ ಕ್ರಿಯಾಪದ. ಇಲ್ಲಿ ಹುಷಾರಾಗಿರಿ. ಕನ್ನಡದ ಕ್ರಿಯಾಪದಕ್ಕೆ ಚಾಡಿ ಹೇಳುವ ಚಾಳಿಯಿದೆ. 'ನಾನು' ಎಂಬುದನ್ನು ಹೊಡೆದುಹಾಕಿದರೂ 'ಮಾಡುತ್ತೇನೆ'ಯ ಕೊನೆಯಲ್ಲಿ ನೀವು ಸಿಕ್ಕಿಬೀಳುತ್ತೀರಿ. 'ಮಾಡುತ್ತಾರೆ' ಎಂದರೆ ಪಕ್ಕದ ಮೇಜಿನವರು. ಆದ್ದರಿಂದ ಎಲ್ಲ ಕೆಲಸವನ್ನೂ 'ಲಾಗು'ವಿಗೆ ವಹಿಸಿ: ಪರಿಶೀಲಿಸಲಾಗಿದೆ, ಸೂಚಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗವನ್ನು ಹಾಗೇ ಇಳಿಸಬೇಡಿ. ಮೇಷ್ಟರು 'ರಾಮನಿಂದ' ಎಂದು ಸೇರಿಸಿ ಹೇಳಿಕೊಡುತ್ತಿದ್ದರು. ಹಿಂಬರಹದಲ್ಲಿ 'ಇಂದ'ಕ್ಕೆ ಪ್ರವೇಶವಿಲ್ಲ.

ಬರಿಯ 'ಕ್ರಮ' ಎಂದು ಬಿಡಬೇಡಿ, 'ಸೂಕ್ತ ಕ್ರಮ' ಎನ್ನಿ. ಸುಮ್ಮನಿರುವುದೂ ಕೆಲವೊಮ್ಮೆ ಸೂಕ್ತವೇ. 'ನಿಯಮಾನುಸಾರ' ಎಂದು ಸೇರಿಸಿ, ಯಾವ ನಿಯಮ ಎಂದು ಸೇರಿಸಬೇಡಿ. 'ಅನುದಾನದ ಲಭ್ಯತೆಯ ಮೇರೆಗೆ' ಎಂಬುದನ್ನು ವಾಕ್ಯದ ಮೊದಲೇ ಕೂರಿಸಿ. ತಾರೀಖು ಕೇಳಿದರೆ 'ಶೀಘ್ರದಲ್ಲಿ' ಕೊಡಿ.

ಕೆಲವರು ಇಷ್ಟಕ್ಕೂ ಬಗ್ಗದೆ ಮಾಹಿತಿ ಹಕ್ಕು ಅರ್ಜಿ ಹಾಕುತ್ತಾರೆ. 2005ರ ಈ ಕಾಯ್ದೆಯನ್ನು ಬರೆದವರಿಗೆ 'ಲಾಗು'ವಿನ ಮೇಲೆ ಗೌರವ ಕಡಿಮೆ. 30 ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಕಚೇರಿಗಲ್ಲ, ಮಾಹಿತಿ ಅಧಿಕಾರಿಗೇ. ಹಾಗಾಗಿ ತಡಮಾಡಬೇಡಿ. ನಿರಾಕರಿಸಲೂ ಬೇಡಿ: ನಿರಾಕರಿಸಿದರೆ ಕಾರಣ ಕೊಟ್ಟು, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನೂ ತಿಳಿಸಬೇಕಾಗುತ್ತದೆ. ನಿಮ್ಮ ವಿರುದ್ಧದ ದಾರಿಗೆ ನೀವೇ ಬೋರ್ಡು ಹಾಕುವುದು ಯಾವ ಜಾಣತನ? 'ಕಡತ ಕಳೆದುಹೋಗಿದೆ' ಎಂದಂತೂ ಬಾಯಿತಪ್ಪಿಯೂ ಬರೆಯಬೇಡಿ, ಕಳೆದವರು ಯಾರೆಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. 'ಕಡತವು ಲಭ್ಯವಿರುವುದಿಲ್ಲ' ಎನ್ನಿ. ಮಾವಿನಹಣ್ಣು ಆಷಾಢ ಕಳೆದ ಮೇಲೆ ಸಿಗುವುದಿಲ್ಲ, ಅದಕ್ಕೆ ಯಾರನ್ನಾದರೂ ಬೈಯುತ್ತಾರೆಯೆ?

ಕೊನೆಗೆ 'ಎಂದು ಈ ಮೂಲಕ ತಿಳಿಸಲಾಗಿದೆ' ಎಂದು ಮುಗಿಸಿ, ಪದನಾಮದ ಮೇಲೆ 'ಪರವಾಗಿ' ಎಂದು ಬರೆದು, ಅಕ್ಷರ ಗುರುತು ಸಿಗದ ಹಾಗೆ ಸಹಿ ಹಾಕಿ.

ಮೋರಿ ಇನ್ನೂ ಹರಿಯುತ್ತಲೇ ಇದೆ ಎಂದು ಅರ್ಜಿದಾರರು ಮತ್ತೆ ಬರುತ್ತಾರೆ. ಕುರ್ಚಿ ಕೊಡಿ, ನೀರು ಕೊಡಿ, 'ಯಜಮಾನ್ರೇ, ಇನ್ನೊಂದು ಅರ್ಜಿ ಬರ್ದುಕೊಡಿ' ಅನ್ನಿ. ಅದಕ್ಕೆ ಹೊಸ ಸ್ವೀಕೃತಿ ಸಂಖ್ಯೆ ಹಾಕಿ. ಉಲ್ಲೇಖದಲ್ಲಿ ನಿಮ್ಮದೇ ಹಳೆಯ ಪತ್ರವನ್ನು ಕಾಣಿಸಿ, ಕೆಳಗೆ ಹೀಗೆ ಬರೆಯಿರಿ: 'ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಈಗಾಗಲೇ ಹಿಂಬರಹ ನೀಡಲಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.'