ಜೇನುರಾಯರ ಬೆಳಗಿನ ಲೋಟ

ಬೆಳಗಿನ ವಾಕಿಂಗಿನ ಯಾವ ಗುಂಪಿನಲ್ಲಾದರೂ ಒಬ್ಬರು ಜೇನುರಾಯರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಇದು ಗುಂಪು ದಯಪಾಲಿಸಿದ ಬಿರುದು. ನಿವೃತ್ತರಾದ ಮರುದಿನದಿಂದ ಬರಿಹೊಟ್ಟೆಗೆ ಒಂದು ಲೋಟ ಬಿಸಿನೀರು, ಅರ್ಧ ನಿಂಬೆಹಣ್ಣು, ಎರಡು ದೊಡ್ಡ ಚಮಚ ಜೇನುತುಪ್ಪ: ಇದೇ ಅವರ ಸಂಧ್ಯಾವಂದನೆ. ಇದರಿಂದ ಬೊಜ್ಜು ಕರಗುತ್ತದೆಂದು ಅವರ ವಾದ, ಬೆಲ್ಟಿನ ತೂತುಗಳದು ಪ್ರತಿವಾದ. ಸಕ್ಕರೆ ‘ಬಿಳಿ ವಿಷ’ವಾದ್ದರಿಂದ ಅದನ್ನು ಮನೆಯಿಂದಲೇ ಗಡೀಪಾರು ಮಾಡಿದ್ದಾರೆ. ಆದರೆ ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಫ್ರಕ್ಟೋಸ್, ಗ್ಲೂಕೋಸ್ ಮುಂತಾದ ಸಕ್ಕರೆಗಳೇ; ಉಳಿದದ್ದರಲ್ಲಿ ಬಹುಪಾಲು ನೀರು. ಒಂದು ದೊಡ್ಡ ಚಮಚ ಸಕ್ಕರೆಯಲ್ಲಿ 50ರ ಆಸುಪಾಸು ಕ್ಯಾಲೊರಿ ಇದ್ದರೆ, ಅದೇ ಚಮಚದ ಜೇನು ಹೆಚ್ಚು ತೂಗುವುದರಿಂದ 60 ದಾಟುತ್ತದೆ. ಮುಂಬಾಗಿಲಿನಿಂದ ಹೊರದಬ್ಬಿಸಿಕೊಂಡ ಆಸಾಮಿ ವೇಷ ಬದಲಿಸಿ ಹಿತ್ತಿಲಿನಿಂದ ಒಳಬಂದಿದ್ದಾನೆ, ರಾಯರು ಅವನಿಗೆ ಮಣೆ ಹಾಕಿ ಕೂರಿಸಿದ್ದಾರೆ. ದಿನದ ಸಕ್ಕರೆಗೆ ಮಿತಿ ಹಾಕಿದ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಜೇನನ್ನೂ ಅದೇ ಲೆಕ್ಕಕ್ಕೆ ಸೇರಿಸಿದೆ.

ರಾಯರ ಇನ್ನೊಂದು ಹುದ್ದೆ ಪರೀಕ್ಷಾಧಿಕಾರಿಯದು. ಜೇನನ್ನು ನೀರಿಗೆ ಬಿಟ್ಟು ತಳ ಸೇರುತ್ತದೋ ನೋಡುತ್ತಾರೆ, ಬೆಂಕಿಕಡ್ಡಿಗೆ ಸವರಿ ಗೀರುತ್ತಾರೆ. ಇವೆಲ್ಲ ಅಳೆಯುವುದು ಮಂದವನ್ನು, ಶುದ್ಧಿಯನ್ನಲ್ಲ. ಗಟ್ಟಿ ಸಕ್ಕರೆಪಾಕ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ನೀರಿನಂಶ ಹೆಚ್ಚಿರುವ ಅಪ್ಪಟ ಹೆಜ್ಜೇನು ಫೇಲು. ಚಳಿಗೆ ಜೇನು ಹರಳುಗಟ್ಟಿತೋ, ‘ಸಕ್ಕರೆ ಬೆರೆಸಿದ್ದಾನೆ’ ಎಂದು ಅಂಗಡಿಯವನ ಮೇಲೆ ಹರಿಹಾಯುತ್ತಾರೆ. ಹರಳುಗಟ್ಟುವುದು ಗ್ಲೂಕೋಸಿನ ಸಹಜ ಗುಣ. ‘ಹಾಗಾದರೆ ಕಲಬೆರಕೆಯೇ ಇಲ್ಲವೇ?’ ಎಂದರೆ, ಧಾರಾಳವಾಗಿದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಪರೀಕ್ಷೆಯ ವಿವರ ಹೊರಹಾಕಿದಾಗ ಎಲ್ಲ ಸುತ್ತಿನಲ್ಲೂ ಗೆದ್ದವು ಮೂರೇ. ಕಂಪನಿಗಳು ಇದನ್ನು ಒಪ್ಪಲಿಲ್ಲ. ಆದರೆ ಮಾಮೂಲಿ ಪ್ರಯೋಗಾಲಯಗಳಿಗೇ ಚಳ್ಳೆಹಣ್ಣು ತಿನ್ನಿಸುವಂಥ ಪಾಕಗಳಿವೆ ಎಂಬುದು ಆ ವರದಿಯ ತಿರುಳು. ಅವುಗಳ ಮುಂದೆ ಬೆಂಕಿಕಡ್ಡಿಯ ಪಾಡೇನು?

ಇಲ್ಲಿ ರಾಯರು ಆಯುರ್ವೇದವನ್ನು ಸಾಕ್ಷಿಗೆ ಕರೆಯುತ್ತಾರೆ. ಕರೆದದ್ದು ಎದುರು ಪಕ್ಷಕ್ಕೇ ಅನುಕೂಲ. ಬಿಸಿಯೊಂದಿಗೆ ಜೇನು ಸಲ್ಲದೆಂದು ಚರಕಸಂಹಿತೆಯೇ ಕಟ್ಟಪ್ಪಣೆ ಮಾಡಿದೆ. ಹಬೆಯಾಡುವ ಲೋಟ ಹಿಡಿದು ಚರಕರ ಹೆಸರೆತ್ತಲು ಎದೆಗಾರಿಕೆ ಬೇಕು. ‘ಅಜ್ಜಿ ಕೆಮ್ಮಿಗೆ ಕೊಡುತ್ತಿದ್ದದ್ದು ಸುಳ್ಳೇ?’ ಎಂಬ ಪ್ರಶ್ನೆಗೆ ಮಾತ್ರ ತಲೆಬಾಗಬೇಕು. ಮಕ್ಕಳ ಕೆಮ್ಮನ್ನು ಜೇನು ಒಂದಿಷ್ಟು ತಗ್ಗಿಸುತ್ತದೆ ಎನ್ನುವುದಕ್ಕೆ ಅಧ್ಯಯನಗಳ ಬೆಂಬಲವಿದೆ. ಆದರೆ ಅಜ್ಜಿ ತುಳಸಿರಸಕ್ಕೆ ಬೆರೆಸುತ್ತಿದ್ದದ್ದು ಎರಡು ಹನಿ. ರಾಯರು ತಿಂಗಳಿಗೆ ಮುಗಿಸುವುದು ಒಂದು ಕಿಲೋಗೂ ಮೇಲೆ. ಇನ್ನು, ನಗೆ ಬದಿಗಿಟ್ಟು ಹೇಳುವುದಾದರೆ, ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿಯನ್ನು ಕೈಬಿಡಬೇಕು. ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು.

ಇಷ್ಟಕ್ಕೂ ರಾಯರ ದೊಡ್ಡ ತಪ್ಪು ಜೇನು ತಿನ್ನುವುದಲ್ಲ, ಮದ್ದಿನಂತೆ ಕಣ್ಣುಮುಚ್ಚಿ ನುಂಗುವುದು. ನಿಂಬೆಯ ಹುಳಿಯಲ್ಲಿ ಯಾವ ಜೇನೂ ಒಂದೇ. ನಾಲಿಗೆಗೆ ಮಾತ್ರ ಕೊಡಗಿನ ಕಾಫಿ ಹೂವಿನ ತುಡುವೆಜೇನು ಬೇರೆ, ನೇರಳೆ ಹೂವಿನ ನಸುಗಹಿ ಬೇರೆ, ಮುಜಂಟಿ ಜೇನಿನ ಹುಳಿಸಿಹಿ ಬೇರೆ. ತೆಳ್ಳವು ಎಂಬ ತೆಳುದೋಸೆಯ ಮೇಲೆ ಹರಿಯಬಿಟ್ಟು, ಹಲಸಿನ ತೊಳೆಯನ್ನು ಅದ್ದಿ, ಬಾಳೆಹಣ್ಣಿನ ರಸಾಯನಕ್ಕೆ ಒಂದು ಚಮಚ ಬೆರೆಸಿ ತಿನ್ನುವ ಮಲೆನಾಡಿಗ ಯಾವ ರೋಗವನ್ನೂ ನೆಪ ಮಾಡುವುದಿಲ್ಲ. ರುಚಿಗಾಗಿ ತಿನ್ನುತ್ತಾನೆ, ರುಚಿ ಸಿಕ್ಕೊಡನೆ ನಿಲ್ಲಿಸುತ್ತಾನೆ. ಮದ್ದೆಂದು ಕುಡಿಯುವವರಿಗೆ ಸಾಕು ಎನ್ನುವ ಗಳಿಗೆಯೇ ಬರುವುದಿಲ್ಲ. ಆದ್ದರಿಂದ ರಾಯರೇ, ನಾಳೆ ಬೆಳಿಗ್ಗೆ ಲೋಟವನ್ನು ಬೋರಲು ಹಾಕಿ, ದೋಸೆಯ ಮೇಲೆ ಒಂದೇ ಚಮಚ ಸುರಿದುಕೊಳ್ಳಿ. ಬೊಜ್ಜು ಕರಗದಿದ್ದರೂ ಜೇನಿನ ರುಚಿಯಾದರೂ ಗೊತ್ತಾದೀತು.