ಗೊರಕೆಗೂ ಒಂದು ಬೋರ್ಡು

ಪಿಂಚಣಿದಾರರ ಸ್ವರ್ಗ ಎಂಬ ಬಿರುದು ಮೈಸೂರಿಗೆ ಸುಮ್ಮನೆ ಬಂದದ್ದಲ್ಲ. ಮಧ್ಯಾಹ್ನ ಊಟವಾದ ಮೇಲೆ ಸರಸ್ವತಿಪುರಂನ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಸಾಕು, ಕಿಟಕಿಗಳೇ ಗೊರಕೆ ಹೊಡೆಯುತ್ತವೆ. ಗೊರಕೆ ಬಂದರೆ ಗಾಢನಿದ್ದೆ, ಗಾಢನಿದ್ದೆ ಬಂದವನು ಪುಣ್ಯವಂತ ಎಂದು ನಂಬಿದ ಊರಿದು. ಆ ಪುಣ್ಯವಂತರಲ್ಲಿ ಕೆಲವರ ಉಸಿರು ರಾತ್ರಿಯಿಡೀ ಆಗಾಗ 10 ಸೆಕೆಂಡಿಗೂ ಹೆಚ್ಚು ಹೊತ್ತು ನಿಂತೇ ಹೋಗುತ್ತದೆ. ಗೊತ್ತಿರುವುದು ಪಕ್ಕದಲ್ಲಿ ಎದ್ದು ಕೂತ ಹೆಂಡತಿಗೆ ಮಾತ್ರ. ಅವರ ಸಾಕ್ಷಿಯನ್ನು ಯಾವ ಯಜಮಾನರೂ ಒಪ್ಪಿದ ದಾಖಲೆಯಿಲ್ಲ.

ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಆ ಬಣ್ಣವನ್ನು ದಿನವೂ ಲೈಟು ಹಾಕಿ ನೋಡುವವರು ಹಲ್ಲಿನ ಡಾಕ್ಟರು. ಜೆಎಸ್ಎಸ್, ಫಾರೂಕಿಯಾ ಎಂದು ಊರಲ್ಲೇ ದಂತ ಕಾಲೇಜುಗಳಿವೆ, ಕ್ಲಿನಿಕ್ಕಿಗಂತೂ ಬರವಿಲ್ಲ. ರಾತ್ರಿ ಕಡಿದು ಕಡಿದು ಸವೆದ ದವಡೆಹಲ್ಲು, ನಾಲಗೆಯ ಅಂಚಿಗೆ ಬಿದ್ದ ಹಲ್ಲಿನ ಗುರುತು, ದಪ್ಪ ನಾಲಗೆಯ ಹಿಂದೆ ಮರೆಯಾದ ಕಿರುನಾಲಗೆ, ಉಸಿರು ಕಟ್ಟುವುದರ ಈ ಸುಳಿವುಗಳೆಲ್ಲವೂ ಅವರ ಕಣ್ಣೆದುರೇ. ಆದರೂ ಕೇಳುವುದು, ‘ಸ್ವೀಟ್ ಜಾಸ್ತಿ ತಿಂತೀರಾ?’ ಅಷ್ಟೆ. ‘ರಾತ್ರಿ ಉಸಿರು ಕಟ್ಟುತ್ತಾ?’ ಎಂದು ಕೇಳಿದರೆ ಕುರ್ಚಿಯಲ್ಲಿ ಒರಗಿದವರು, ಕ್ಯಾಪ್ ಹಾಕಿಸಲು ಬಂದವನಿಗೆ ಇದೆಂಥ ವಿಚಾರಣೆ ಎಂದು ಎದ್ದೇ ಹೋದಾರು.

ಈಗ ಹಾಗೆ ಕೇಳಲು ಹಲ್ಲಿನ ಡಾಕ್ಟರಿಗೆ ತರಬೇತಿ ಬಂದಿದೆ. ಒಳ್ಳೆಯದೇ. ಅಮೆರಿಕದ ದಂತವೈದ್ಯರ ಸಂಘ 2017ರಲ್ಲೇ, ಹಲ್ಲಿನ ಡಾಕ್ಟರು ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆಯ ಸುಳಿವು ಹಿಡಿಯಬೇಕು, ಅನುಮಾನ ಬಂದರೆ ವೈದ್ಯರಲ್ಲಿಗೆ ಕಳಿಸಬೇಕು ಎಂದು ನೀತಿ ಬರೆದುಕೊಂಡಿತು. ನಮ್ಮಲ್ಲಿ ವಾರಾಂತ್ಯದ ಕೋರ್ಸಿನ ಸಂಪ್ರದಾಯ ಗೊತ್ತೇ ಇದೆ. ಶನಿವಾರ ಹೋಟೆಲಿನ ಹಾಲ್, ಬ್ಯಾಗು, ಕೇಸರಿಬಾತು. ಊಟದ ನಂತರ ನಿದ್ರಾವಿಜ್ಞಾನದ ಉಪನ್ಯಾಸ. ಅರ್ಧ ಸಭೆ ಪ್ರಾಯೋಗಿಕವಾಗಿಯೇ ಪಾಲ್ಗೊಳ್ಳುತ್ತದೆ. ಭಾನುವಾರ ಸಂಜೆ ಸರ್ಟಿಫಿಕೇಟು, ಸೋಮವಾರ ಬೋರ್ಡು: ‘ಇಲ್ಲಿ ಗೊರಕೆ ನಿಲ್ಲಿಸಲಾಗುವುದು’.

ನಿಲ್ಲಿಸುವ ಉಪಾಯವೇನೋ ನಿಜವಾದದ್ದೇ. ಮೇಲಿನ, ಕೆಳಗಿನ ಹಲ್ಲಿಗೆ ಕೂರುವ ಒಂದು ಸಾಧನ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆಳೆದು ಹಿಡಿಯುತ್ತದೆ. ದವಡೆಗೆ ಅಂಟಿದ ನಾಲಗೆಯೂ ಮುಂದೆ ಬರುತ್ತದೆ, ಗಂಟಲಿನ ದಾರಿ ತೆರೆಯುತ್ತದೆ. ದವಡೆಯ ಕೀಲು ನೋಯಬಹುದು, ವರ್ಷಗಳು ಕಳೆದಂತೆ ಹಲ್ಲಿನ ಕಚ್ಚು ಬದಲಾಗಬಹುದು. ಅದನ್ನು ಗಮನಿಸಲು ಹಲ್ಲಿನ ಡಾಕ್ಟರೇ ಬೇಕು.

ತಕರಾರಿರುವುದು ಬೋರ್ಡಿನ ಭಾಷೆಯಲ್ಲಿ. ಗೊರಕೆ ನಿಂತ ಮಾತ್ರಕ್ಕೆ ಉಸಿರು ಸರಾಗವಾಯಿತೆಂದಲ್ಲ. ಗಂಟೆಗೆ 5ರಿಂದ 15 ಬಾರಿ ಉಸಿರು ಕುಗ್ಗಿದರೆ ಅಥವಾ ನಿಂತರೆ ಕಾಯಿಲೆ ಸೌಮ್ಯ, 30 ದಾಟಿದರೆ ತೀವ್ರ. ಇದನ್ನು ಹೇಳಬೇಕಾದ್ದು ರಾತ್ರಿಯ ನಿದ್ರಾಪರೀಕ್ಷೆ. ಸಾಧನ ಹಾಕಿದ ಮೇಲೂ ಅದೇ ಪರೀಕ್ಷೆ ಮತ್ತೆ ಆಗಬೇಕೆಂದು 2015ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಪರೀಕ್ಷೆ ಬಿಟ್ಟು ಸದ್ದನ್ನಷ್ಟೇ ಅಡಗಿಸಿದರೆ, ಇದ್ದೊಬ್ಬ ಸಾಕ್ಷಿಯೂ ನೆಮ್ಮದಿಯಾಗಿ ಮಲಗಿಬಿಡುತ್ತಾರೆ. ಉಸಿರು ಮಾತ್ರ ತನ್ನ ಪಾಡಿಗೆ ನಿಲ್ಲುತ್ತಿರುತ್ತದೆ.

ಹಾಗಾಗಿ ತರಬೇತಿಯ ಅತಿ ಕಷ್ಟದ ಪಾಠ ಸಾಧನಕ್ಕಾಗಿ ಹಲ್ಲಿನ ಅಚ್ಚು ತೆಗೆಯುವುದಲ್ಲ. ಬಂದ ಗಿರಾಕಿಯನ್ನು ಒಂದು ಚೀಟಿ ಬರೆದು ಇನ್ನೊಬ್ಬ ಡಾಕ್ಟರ ಬಳಿಗೆ ಕಳಿಸುವುದು. ಅಂಥ ಪಾಠವೊಂದು ಕೋರ್ಸಿನಲ್ಲಿದ್ದರೆ, ಅದನ್ನೂ ಊಟದ ನಂತರದ ಅವಧಿಗೇ ಹಾಕಿರುತ್ತಾರೆ.