ಧೂಮನಿರ್ಣಯಸಿಂಧು: ಕಡೂರು ಶಾಖೆ

ಏಕಾದಶಿ ಇವತ್ತೋ ನಾಳೆಯೋ, ಶ್ರಾದ್ಧಕ್ಕೆ ಯಾವ ತಿಥಿ ಹಿಡಿಯಬೇಕು ಎಂಬಂಥ ತಕರಾರುಗಳನ್ನು ಬಗೆಹರಿಸಲೆಂದು ಕಮಲಾಕರ ಭಟ್ಟರು 1612ರಲ್ಲಿ ಕಾಶಿಯಲ್ಲಿ ಕೂತು ‘ನಿರ್ಣಯಸಿಂಧು’ ಬರೆದರು. ಹೊಗೆಸೊಪ್ಪು ಅಷ್ಟು ಹೊತ್ತಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದಾಗಿತ್ತು. ಆದರೂ ಅದನ್ನು ಬಿಡುವುದಕ್ಕೆ ಪ್ರಶಸ್ತವಾದ ದಿನ ಯಾವುದೆಂದು ಭಟ್ಟರು ಹೇಳಿಹೋಗಲಿಲ್ಲ. ಆ ಕೊರತೆಯನ್ನು ತುಂಬಲು ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಬಸ್‌ಸ್ಟ್ಯಾಂಡು, ಗೂಡಂಗಡಿಗಳನ್ನೇ ಆಕರವಾಗಿಟ್ಟುಕೊಂಡು ಈ ಶಾಖಾಗ್ರಂಥ ಹೊರಟಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ತಳಿ ಕಾಯುವ ಕೇಂದ್ರವೇ ಇರುವಾಗ, ತೀರ್ಮಾನಗಳ ತಳಿ ಗುರುತಿಸುವ ಶಾಸ್ತ್ರವೊಂದು ಪಕ್ಕದಲ್ಲೇ ಹುಟ್ಟಿದರೆ ತಪ್ಪೇನು?

ಪೂರ್ವಾಚಾರ್ಯರು ಸೇದುವವರನ್ನು ವಿಂಗಡಿಸಿದರು: ಬೀಡಿಯವರು, ಸಿಗರೇಟಿನವರು, ನಶ್ಯದವರು ಎಂದು. ಇದು ಅಶಾಸ್ತ್ರೀಯ. ಒಬ್ಬನೇ ಮನುಷ್ಯ ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರೂ ವರ್ಗಕ್ಕೆ ಸೇರಬಲ್ಲ. ಆದ್ದರಿಂದ ನಾವು ವಿಂಗಡಿಸುವುದು ತೀರ್ಮಾನಗಳನ್ನು.

ಮೊದಲು ಲಕ್ಷಣ. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಕಂಡಕ್ಟರು ಚಿಲ್ಲರೆ ವಾಪಸ್ ಕೊಡುವುದಕ್ಕಿಂತ ಬಹಳ ಬೇಗ. ಅಸಿಟೈಲ್‌ಕೋಲೀನ್ ಎಂಬ ದೇಹದ್ದೇ ರಾಸಾಯನಿಕಕ್ಕೆ ಮೀಸಲಾದ ಗ್ರಾಹಕಗಳ ಮೇಲೆ ಹೋಗಿ ಕೂತು ಡೋಪಮೈನ್ ಬಿಡಿಸುತ್ತದೆ. ಡೋಪಮೈನ್ ಎಂದರೆ ಸುಖ ಎಂದು ಜನ ತಿಳಿದಿದ್ದಾರೆ. ‘ಇದು ಬೇಕಾದದ್ದು, ನೆನಪಿಟ್ಟುಕೋ’ ಎಂದು ಮಿದುಳು ಹಾಕಿಕೊಳ್ಳುವ ಗುರುತು ಅದು ಎನ್ನುವುದೇ ಸತ್ಯಕ್ಕೆ ಹತ್ತಿರ. ದಿನಾ ಇದೇ ಆದರೆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುತ್ತದೆ, ಹೆಚ್ಚಿಕೊಂಡವು ಖಾಲಿ ಕೂತು ಗಲಾಟೆ ಎಬ್ಬಿಸುತ್ತವೆ. ಹಣೆಯ ಹಿಂದೆ ಕೂತು ಸರಿತಪ್ಪು ತೂಗುವ ಭಾಗ ಈ ಗಲಾಟೆಯ ನಡುವೆಯೇ ತೀರ್ಪು ಕೊಡಬೇಕು. ಆ ತೀರ್ಪಿಗೆ ಧೂಮನಿರ್ಣಯವೆಂದು ಹೆಸರು. ಕಾರಣಗಳನ್ನು ಆಮೇಲೆ ಬರೆದುಕೊಳ್ಳಲಾಗುತ್ತದೆ.

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ತಾರ್ಕಿಕರ ವ್ಯಾಪ್ತಿಗೆ ನಮ್ಮ ಸೀಮೆಯಲ್ಲಿ ಅಪವಾದವಿದೆ. ಬೆಂಕಿ ಗೂಡಂಗಡಿಯಲ್ಲಿರುತ್ತದೆ, ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರಿನಲ್ಲಿ. ಹೊಗೆ ಹತ್ತು ಮಾರು ಆಚೆಗಿನ ಗೋಡೆಯ ಮರೆಯಲ್ಲಿರುತ್ತದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂಪಾಯಿ ದಂಡ, ಕೊಳ್ಳುವವನಿಗೆ 21 ತುಂಬಿರಬೇಕು. ಆದರೆ ಗೋಡೆಯ ಮರೆಗೆ ದಂಡ ಕಾರಣವಲ್ಲ. ಎದುರಿಗೆ ಸೋದರಮಾವ ಬಂದುಬಿಟ್ಟರೆ ಎಂಬ ಭಯ.

ಮೊದಲನೆಯದು ಪ್ರಾತರ್ನಿರ್ಣಯ. ರಾತ್ರಿಯಿಡೀ ಉಪವಾಸವಿದ್ದ ಗ್ರಾಹಕಗಳು ಬೆಳಿಗ್ಗೆ ಮನುಷ್ಯನಿಗಿಂತ ಮುಂಚೆ ಎದ್ದಿರುತ್ತವೆ. ಚಟ ಎಷ್ಟು ಗಟ್ಟಿ ಎಂದು ಅಳೆಯಲು ವೈದ್ಯರು ಬಳಸುವ ಫಾಗರ್‌ಸ್ಟ್ರಾಮ್ ಪರೀಕ್ಷೆ ಇದನ್ನೇ ಹಿಡಿದು ಕೇಳುತ್ತದೆ: ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು? 5 ನಿಮಿಷದೊಳಗಾದರೆ ಪೂರ್ತಿ ಅಂಕ. ‘ಅದಿಲ್ಲದೆ ಹೊಟ್ಟೆ ಸರಿಹೋಗಲ್ಲ ಕಣ್ರಿ’ ಎಂಬುದು ಈ ವರ್ಗದ ಅಧಿಕೃತ ಸಮರ್ಥನೆ.

ಎರಡನೆಯದು ಚರಮನಿರ್ಣಯ, ಅಂದರೆ ‘ಇದೊಂದು ಕೊನೇದು’. ಪ್ಯಾಕು ಕೊಂಡರೆ ಚಟ, ಒಂದೇ ಒಂದು ಕೊಂಡರೆ ಅಲ್ಲ ಎಂಬುದು ಇದರ ಸಿದ್ಧಾಂತ. ಬಿಡಿಯಾಗಿ ಮಾರುವುದನ್ನು ಸರ್ಕಾರ ನಿಷೇಧಿಸಿದ್ದರೂ ಈ ವರ್ಗ ಕ್ಷೀಣಿಸಿಲ್ಲ. ಇಲ್ಲಿ ವಾದವೊಂದಿದೆ. ಇವತ್ತೇ ಕೈಗೆ ಬರುವ ಸಣ್ಣ ಮೊತ್ತ ಬೇಕೋ, ಕೆಲವು ಕಾಲ ಕಾದು ದೊಡ್ಡದು ಬೇಕೋ ಎಂದು ಅಮೆರಿಕದ ಸಂಶೋಧಕರು ಕೇಳಿನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೇದುವವರು ಸೇದದವರಿಗಿಂತ ಹೆಚ್ಚಾಗಿ ಇವತ್ತಿನ ಸಣ್ಣದಕ್ಕೇ ಕೈಚಾಚಿದರು. ಬಿಟ್ಟವರು ಎಂದೂ ಸೇದದವರಂತೆಯೇ ಇದ್ದರು. ಇವತ್ತಿನ ಕಣ್ಣಿಗೆ ಬೆಣ್ಣೆ, ನಾಳಿನ ಕಣ್ಣಿಗೆ ಸುಣ್ಣ. ನಿಕೋಟಿನ್ನೇ ನಾಳೆಯ ಬೆಲೆ ಇಳಿಸುತ್ತದೆ, ಬಿಟ್ಟರೆ ಬೆಲೆ ಮತ್ತೆ ಏರುತ್ತದೆ ಎಂಬುದು ಒಂದು ಪಕ್ಷ. ನಾಳೆಗೆ ಬೆಲೆ ಕೊಡುವ ಸ್ವಭಾವದವನೇ ಬಿಡಬಲ್ಲ, ಉಳಿದವನು ಸೇದುತ್ತಲೇ ಇರುತ್ತಾನೆ ಎಂಬುದು ಇನ್ನೊಂದು. ಎರಡೂ ಸ್ವಲ್ಪ ಸ್ವಲ್ಪ ನಿಜವೆಂದು ಗ್ರಂಥಕಾರನ ಮತ. ಧಾರಣೆ ಏರುತ್ತದೆಂದು ಅಡಿಕೆಯನ್ನು ತಿಂಗಳುಗಟ್ಟಲೆ ಕೊಡದೆ ಕಾಯುವ ತರೀಕೆರೆಯ ತೋಟದವರು, ಬಸ್ಸು ಬರುವವರೆಗಿನ ಹತ್ತು ನಿಮಿಷ ಕಾಯಲಾರದೆ ಕಡ್ಡಿ ಗೀರುವುದನ್ನು ನೋಡಿದರೆ, ಬರೀ ಸ್ವಭಾವದ ಪಕ್ಷ ನಿಲ್ಲುವುದು ಕಷ್ಟ.

ಮೂರನೆಯದು ನೈಮಿತ್ತಿಕ. ಊಟ ಆಯಿತು, ಕಾಫಿ ಬಂತು, ರೈಲು ತಡ. ವಿವರಿಸುವುದಕ್ಕೇನಿಲ್ಲ.

ನಾಲ್ಕನೆಯದು ನಿರ್ಧೂಮ. ‘ನಾನು ಸೇದಲ್ಲಪ್ಪ’ ಎಂದು ಶುರುಮಾಡುವವರದ್ದು. ಎಡ ಅಂಗೈಯಲ್ಲಿ ಹೊಗೆಸೊಪ್ಪು, ಉಗುರಿನ ತುದಿಯಲ್ಲಿ ಸುಣ್ಣ, ಬಲ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳತುಟಿಯ ಸಂದಿಗೆ. ಸುಣ್ಣ ಸುಮ್ಮನೆ ಸಂಪ್ರದಾಯಕ್ಕೆ ಬಂದದ್ದಲ್ಲ. ಕ್ಷಾರ ಸೇರಿದಾಗ ನಿಕೋಟಿನ್ ಬಾಯಿಯ ಒಳಪೊರೆಯನ್ನು ಸಲೀಸಾಗಿ ದಾಟುತ್ತದೆ. ಪ್ರಯೋಗಾಲಯವಿಲ್ಲದೆ ಇದನ್ನು ಕಂಡುಹಿಡಿದವರ ಬಗ್ಗೆ ಗೌರವವಿರಲಿ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರಿಗಿಂತ ಈ ವರ್ಗದವರೇ ಹೆಚ್ಚು.

ಐದನೆಯದು ವ್ರತನಿರ್ಣಯ. ಗ್ರಂಥದ ಕೌಸ್ತುಭವಿದು. ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಬೀಳುತ್ತದೆ. ನಿನ್ನೆಯವರೆಗೆ ದಿನಕ್ಕೊಂದು ಪ್ಯಾಕು ಮುಗಿಸುತ್ತಿದ್ದವನು ಇವತ್ತು ಕಪ್ಪು ಪಂಚೆಯುಟ್ಟ ಸ್ವಾಮಿ. ಗೂಡಂಗಡಿಯವನೇ ‘ಬಾಳೆಹಣ್ಣು ಕೊಡ್ಲಾ ಸ್ವಾಮಿ?’ ಎನ್ನುತ್ತಾನೆ. ಬಿಟ್ಟ ಮೊದಲ ಎರಡು ಮೂರು ದಿನ ಸಂಕಟ ತುದಿಗೇರುತ್ತದೆ. ಆಗ ಸ್ವಾಮಿ ತಣ್ಣೀರು ಸ್ನಾನ, ಭಜನೆಯಲ್ಲಿರುತ್ತಾನೆ, ಸಿಡುಕಿದರೂ ವ್ರತದ ಬಿಸಿ ಎಂದು ಮನೆಯವರು ಸುಮ್ಮನಿರುತ್ತಾರೆ. ಇಚ್ಛಾಶಕ್ತಿ ಇಲ್ಲದವನೆಂದು ಹೆಂಡತಿ ಕರೆಯುತ್ತಿದ್ದವನಿಗೆ ಇದು ಹೇಗೆ ಸಾಧ್ಯವಾಯಿತು? ಕ್ಯಾನ್ಸರು ಬರುವುದಾದರೆ ಇಪ್ಪತ್ತು ವರ್ಷದ ಮೇಲೆ. ಅಯ್ಯಪ್ಪನ ಕೋಪ ಇವತ್ತೇ, ಊರವರ ಮಾತು ಇನ್ನೂ ಮುಂಚೆ. ನಾಳೆಯನ್ನು ಅಗ್ಗಕ್ಕೆ ಮಾರುವ ಮಿದುಳಿಗೂ ಇವತ್ತಿನ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಜೊತೆಗೆ, ದಿನಕ್ಕೆ ಇಪ್ಪತ್ತು ಸಲ ತೀರ್ಮಾನಿಸುವ ಕೆಲಸವೇ ಅವನಿಗಿಲ್ಲ. ಮಾಲೆ ಒಮ್ಮೆ ತೀರ್ಮಾನಿಸಿಬಿಟ್ಟಿದೆ.

ವ್ರತ ಒಂದು ಮಂಡಲ, ಅಂದರೆ 41 ದಿನ. ಬಿಟ್ಟವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದವರು, ಹೆಚ್ಚಿಕೊಂಡ ಗ್ರಾಹಕಗಳು ಸೇದದವರ ಮಟ್ಟಕ್ಕೆ ಇಳಿಯಲು 6ರಿಂದ 12 ವಾರ ಬೇಕೆಂದು ಕಂಡಿದ್ದಾರೆ. 6 ವಾರವೆಂದರೆ 42 ದಿನ. ಮಂಡಲ ಒಂದೇ ಒಂದು ದಿನದಿಂದ ತಪ್ಪಿತು! ಶಬರಿಮಲೆಯಿಂದ ಇಳಿದು ಮಾಲೆ ಬಿಚ್ಚಿದ ಸ್ವಾಮಿಯ ದೇಹ ಸಂಕಟವನ್ನು ದಾಟಿರುತ್ತದೆ, ಆದರೆ ಬಸ್‌ಸ್ಟ್ಯಾಂಡು ಇದ್ದಲ್ಲೇ ಇರುತ್ತದೆ, ಅಂಗಡಿಯೂ. ‘ಮಾಲೆ ತೆಗೆದ್ಯಲ್ಲ, ತಗೋ ಮಾರಾಯ’ ಎನ್ನುವ ಗೆಳೆಯನೂ. ಎರಡು ಮಂಡಲ ಮಾಡಿದರೆ 82 ದಿನ, ಹೆಚ್ಚುಕಡಿಮೆ 12 ವಾರವಾಗುತ್ತದೆಂದು ಗ್ರಂಥಕಾರ ಗುರುಸ್ವಾಮಿಯೊಬ್ಬರಿಗೆ ಅರಿಕೆ ಮಾಡಿದ. ‘ಏಳು ದಿನದ ಮಾಲೆಗೇ ಜನ ಬರ್ತಿದಾರೆ ಸ್ವಾಮಿ’ ಎಂದರು.

ಆರನೆಯದು ಅಕಾಮನಿರ್ಣಯ, ಅತಿ ವಿರಳ. ಪಾರ್ಶ್ವವಾಯುವಿನಿಂದ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಏಟುಬಿದ್ದ ಕೆಲವರು ಸೇದುವ ಬಯಕೆಯನ್ನೇ ಕಳೆದುಕೊಂಡು ಥಟ್ಟನೆ ಬಿಟ್ಟರೆಂದು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಅನುಸರಣೀಯವಲ್ಲ.

ಕೊನೆಗೆ ತಿಥಿನಿರ್ಣಯ. ‘ಕಡಿಮೆ ಮಾಡ್ತಾ ಇದೀನಿ’ ಎನ್ನುವವರ ಪಕ್ಷ ಬಲವಾದದ್ದೆಂದು ಬಹುಕಾಲ ನಂಬಲಾಗಿತ್ತು. 2016ರಲ್ಲಿ ಆಕ್ಸ್‌ಫರ್ಡಿನವರು ಪರೀಕ್ಷಿಸಿದರು. ಒಮ್ಮೆಗೇ ಬಿಡುವವರು, ಇಳಿಸುತ್ತ ಬರುವವರು ಎಂಬ ಎರಡು ಗುಂಪಿಗೂ ಬಿಡುವ ದಿನ ಮೊದಲೇ ಗೊತ್ತುಮಾಡಿದ್ದರು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯ ನೆರವೂ ಇತ್ತು. 4 ವಾರದ ಮೇಲೆ ನೋಡಿದರೆ ಒಮ್ಮೆಗೇ ಬಿಟ್ಟವರಲ್ಲಿ ನೂರಕ್ಕೆ 49 ಮಂದಿ, ಇಳಿಸುತ್ತ ಬಂದವರಲ್ಲಿ 39 ಮಂದಿ ಸೇದದೆ ಉಳಿದಿದ್ದರು. ಆದ್ದರಿಂದ ಯಾವ ತಿಥಿಯಾದರೂ ಸರಿ, ಅಮಾವಾಸ್ಯೆಗೂ ದೋಷವಿಲ್ಲ. ತಿಥಿ ಒಂದೇ ಇರಬೇಕು. ನೆರವು ಬೇಕಾದವರಿಗೆ ಸರ್ಕಾರದ ದೂರವಾಣಿ ಸಂಖ್ಯೆ 1800-11-2356 ಪ್ಯಾಕಿನ ಮೇಲೆಯೇ ಅಚ್ಚಾಗಿದೆ. ಚರಮವರ್ಗದವರು ಪ್ಯಾಕು ಕೊಳ್ಳುವುದಿಲ್ಲವಾದ್ದರಿಂದ ಅವರು ಅದನ್ನು ಅಂಗಡಿಯವನಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು.